ಊರಿಗೊಂದು ಆಕಾಶ ವೀಕ್ಷಣೆಯ ಬಳಗ: ಪದೇ ಪದೇ ಕೇಳುವ ಪ್ರಶ್ನೆಗಳು

ಹಕ್ಕಿ ನೋಡುವವರಿಗೆ, ಹಳೆಯ ನಾಣ್ಯ ಕೂಡಿಡುವವರಿಗೆ, ತಾರಸಿಯಲ್ಲಿ ತರಕಾರಿ ಬೆಳೆಯುವವರಿಗೆ, ತಾಳಮದ್ದಳೆಯಲ್ಲಿ ಅರ್ಥ ಹೇಳುವವರಿಗೆ ಅಲ್ಲಲ್ಲಿ ಬಳಗಗಳಿವೆ. ನಕ್ಷತ್ರ ನೋಡುವವರು ಮಾತ್ರ ಬಹಳಷ್ಟು ಊರುಗಳಲ್ಲಿ ಒಬ್ಬೊಬ್ಬರಾಗಿ ತಮ್ಮ ತಮ್ಮ ತಾರಸಿಯ ಮೇಲೆಯೇ ಉಳಿದುಬಿಟ್ಟಿದ್ದಾರೆ. ಬಯಲುಸೀಮೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಇಂಥವರನ್ನು ಒಂದೆಡೆ ಸೇರಿಸಿ ಕೆಲವು ವರ್ಷಗಳಿಂದ ಬಳಗ ನಡೆಸುತ್ತಿರುವ ನಮಗೆ, ತಮ್ಮ ಊರಿನಲ್ಲೂ ಹೀಗೊಂದು ಬಳಗ ಕಟ್ಟಬೇಕೆನ್ನುವವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಅವುಗಳಿಗೆ ಇಲ್ಲಿ ಉತ್ತರಿಸಿದ್ದೇವೆ.

ಬಳಗ ಆರಂಭಿಸುವ ಮೊದಲು ದೂರದರ್ಶಕ ಕೊಳ್ಳಬೇಕಲ್ಲವೇ?

ಬೇಡ. ಮೊದಲು ಬೇಕಾದದ್ದು ತಪ್ಪದೆ ಬರುವ ಒಂದು ದಿನ ಮತ್ತು ಕತ್ತಲೆ ಇರುವ ಒಂದು ಜಾಗ. ದೂರದರ್ಶಕ ಬಂದ ಮೇಲೆ ಸೇರೋಣ ಎಂದುಕೊಂಡ ಗುಂಪುಗಳು ವರ್ಷಗಟ್ಟಲೆ ಚಂದಾ ಎತ್ತುವುದರಲ್ಲೇ ಕಳೆದುಹೋದದ್ದನ್ನು ನಾವು ಕಂಡಿದ್ದೇವೆ. ಚಾಪೆ ಹಾಸಿಕೊಂಡು ಬರಿಗಣ್ಣಿನಲ್ಲೇ ಶುರು ಮಾಡಿದವರು ಉಳಿದುಕೊಂಡಿದ್ದಾರೆ. ನಾಲ್ಕು ಮಂದಿ ಸಾಕು. ಅವರಲ್ಲಿ ಒಬ್ಬರಾದರೂ ಯಾರು ಬರಲಿ ಬಿಡಲಿ ತಾವು ಮಾತ್ರ ಹೋಗಿಯೇ ಹೋಗುವವರಾಗಿರಬೇಕು, ಅಷ್ಟೆ.

ಯಾವ ದಿನ ಸೇರುವುದು ಒಳ್ಳೆಯದು?

ಅಮಾವಾಸ್ಯೆಗೆ ಹತ್ತಿರದ ಶನಿವಾರ. ಹುಣ್ಣಿಮೆಯ ಆಸುಪಾಸಿನಲ್ಲಿ ಚಂದ್ರನ ಬೆಳಕು ಮಂದ ನಕ್ಷತ್ರಗಳನ್ನೆಲ್ಲ ನುಂಗಿಹಾಕುತ್ತದೆ. ಚಂದ್ರನನ್ನೇ ನೋಡುವುದಾದರೂ ಹುಣ್ಣಿಮೆ ಸೂಕ್ತವಲ್ಲ, ಏಕೆಂದರೆ ಆಗ ಸೂರ್ಯನ ಬೆಳಕು ನೇರವಾಗಿ ಬಿದ್ದು ಕುಳಿಗಳಿಗೆ ನೆರಳೇ ಇರುವುದಿಲ್ಲ. ಸಪ್ತಮಿ, ಅಷ್ಟಮಿಯ ಅರ್ಧಚಂದ್ರನಲ್ಲಿ ಬೆಳಕು ಮತ್ತು ಕತ್ತಲೆ ಕೂಡುವ ಗೆರೆಯ ಮೇಲೆ ಕುಳಿಗಳ ಅಂಚು ಎದ್ದು ಕಾಣುತ್ತದೆ. ಹೀಗಾಗಿ ತಿಂಗಳಿಗೆ ಎರಡು ಭೇಟಿ ಇಟ್ಟುಕೊಳ್ಳುವವರು ಒಂದನ್ನು ಅಷ್ಟಮಿಯ ಸಂಜೆ ಶಾಲೆಯ ಅಂಗಳದಲ್ಲಿ ಸಾರ್ವಜನಿಕರಿಗಾಗಿಯೂ ಇನ್ನೊಂದನ್ನು ಅಮಾವಾಸ್ಯೆಯ ಸುಮಾರಿಗೆ ಊರಾಚೆ ಸದಸ್ಯರಿಗಾಗಿಯೂ ಇಟ್ಟುಕೊಳ್ಳುವುದು ಲೇಸು.

ಅಮಾವಾಸ್ಯೆಯ ರಾತ್ರಿ ಹೊರಗೆ ಕಳುಹಿಸಲು ಹಿರಿಯರು ಒಪ್ಪುವುದಿಲ್ಲ, ಏನು ಮಾಡುವುದು?

ಇದು ನಗುವ ಪ್ರಶ್ನೆಯಲ್ಲ, ಎಲ್ಲ ಊರುಗಳಲ್ಲೂ ಬರುವ ಪ್ರಶ್ನೆ. ಅಮಾವಾಸ್ಯೆಯ ದಿನವೇ ಆಗಬೇಕೆಂಬ ಹಟ ಅನಗತ್ಯ; ಅದಕ್ಕೆ ಎರಡು ಮೂರು ದಿನ ಮುಂಚೆ ಚಂದ್ರ ಬೆಳಗಿನ ಜಾವಕ್ಕೆ ಹುಟ್ಟುವುದರಿಂದ ಮುಂರಾತ್ರಿಯ ಕತ್ತಲೆಗೆ ಏನೂ ಕೊರತೆಯಾಗದು. ಅದಕ್ಕಿಂತ ಉತ್ತಮ ಉಪಾಯವೆಂದರೆ ಆ ಹಿರಿಯರನ್ನೇ ಒಮ್ಮೆ ಕರೆತರುವುದು. ನಮ್ಮಲ್ಲಿ ಮೊಮ್ಮಗಳನ್ನು ಬಿಡಲೊಲ್ಲದೆ ಜೊತೆಗೇ ಬಂದ ಅಜ್ಜಿಯೊಬ್ಬರು ಮೊದಲ ರಾತ್ರಿಯೇ ಕೃತ್ತಿಕೆ, ರೋಹಿಣಿಗಳನ್ನು ಬೆರಳಿಟ್ಟು ತೋರಿಸಿದರು; ನಮ್ಮ ಪದವೀಧರ ಸದಸ್ಯರು ಅದೇ ಹೊತ್ತಿನಲ್ಲಿ ಮೊಬೈಲಿನ ನಕ್ಷೆಯನ್ನು ತಲೆಕೆಳಗಾಗಿ ಹಿಡಿದು ಒದ್ದಾಡುತ್ತಿದ್ದರು.

ಬರಿಗಣ್ಣಿಗೆ ಕರ್ನಾಟಕದಿಂದ ಏನೇನು ಕಾಣುತ್ತದೆ?

ನಾವು ಭೂಮಧ್ಯರೇಖೆಗೆ ಸಾಕಷ್ಟು ಹತ್ತಿರದಲ್ಲಿರುವುದರಿಂದ ಉತ್ತರದ ಸಪ್ತರ್ಷಿ ಮಂಡಲವೂ ದಕ್ಷಿಣದ ತ್ರಿಶಂಕುವೂ (ಶಿಲುಬೆಯಾಕಾರದ ನಕ್ಷತ್ರಗಳ ಗುಂಪು) ಒಂದೇ ರಾತ್ರಿ ಕಾಣುತ್ತವೆ. ಇದು ಲಂಡನ್ನಿನಲ್ಲಿರುವವರಿಗೂ ಸಿಡ್ನಿಯಲ್ಲಿರುವವರಿಗೂ ಇಲ್ಲದ ಭಾಗ್ಯ. ಫೆಬ್ರವರಿಯ ಸಂಜೆ ದಕ್ಷಿಣಕ್ಕೆ ಮುಖ ಮಾಡಿ ನಿಂತರೆ ಆಕಾಶದ ಅತ್ಯಂತ ಪ್ರಕಾಶಮಾನ ನಕ್ಷತ್ರವಾದ ಲುಬ್ಧಕ ಎತ್ತರದಲ್ಲಿಯೂ ಎರಡನೆಯದಾದ ಅಗಸ್ತ್ಯ ಅದರ ಕೆಳಗೆಯೂ ಹೊಳೆಯುತ್ತಿರುತ್ತವೆ. ಏಪ್ರಿಲ್ ಕೊನೆಯ ರಾತ್ರಿಗಳಲ್ಲಿ ಹತ್ತು ಗಂಟೆಯ ಹೊತ್ತಿಗೆ ತ್ರಿಶಂಕು ದಕ್ಷಿಣ ದಿಗಂತದ ಮೇಲೆ ನೆಟ್ಟಗೆ ನಿಂತಿರುತ್ತದೆ. ಧ್ರುವ ನಕ್ಷತ್ರವನ್ನು ಹುಡುಕುವವರು ಮಾತ್ರ ತೀರ ಎತ್ತರಕ್ಕೆ ನೋಡಿ ಮೋಸಹೋಗುತ್ತಾರೆ. ಬೆಂಗಳೂರಿನ ಅಕ್ಷಾಂಶ ಸುಮಾರು 13 ಡಿಗ್ರಿಯಾದ್ದರಿಂದ ಅಲ್ಲಿ ಧ್ರುವವೂ ದಿಗಂತದಿಂದ 13 ಡಿಗ್ರಿಯಷ್ಟೇ ಮೇಲಿರುತ್ತದೆ. ಚಾಚಿದ ಕೈಯ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ ಎಂದಿಟ್ಟುಕೊಂಡರೆ ಒಂದು ಮುಷ್ಟಿಗಿಂತ ಸ್ವಲ್ಪ ಮೇಲೆ. ಎದುರಿಗೊಂದು ಎರಡಂತಸ್ತಿನ ಮನೆಯಿದ್ದರೆ ಮುಗಿಯಿತು.

ಅರುಂಧತಿಯನ್ನು ಮದುವೆಯಲ್ಲಿ ಎಲ್ಲರೂ ನೋಡಿರುತ್ತಾರೆ, ಅಂದರೆ ಪುರೋಹಿತರು ಹಗಲು ಹೊತ್ತಿನಲ್ಲಿ ಬೆರಳು ತೋರಿಸಿದ ದಿಕ್ಕಿಗೆ ನೋಡಿ ತಲೆಯಾಡಿಸಿರುತ್ತಾರೆ. ಸಪ್ತರ್ಷಿ ಮಂಡಲದ ಬಾಲದ ನಡುವಿನ ನಕ್ಷತ್ರ ವಸಿಷ್ಠ. ಅದಕ್ಕೆ ಅಂಟಿಕೊಂಡಂತಿರುವ ಮಂದ ಚುಕ್ಕೆ ಅರುಂಧತಿ. ಸಣ್ಣ ದೂರದರ್ಶಕವನ್ನು ಅತ್ತ ತಿರುಗಿಸಿದರೆ ವಸಿಷ್ಠವೇ ಎರಡು ನಕ್ಷತ್ರಗಳಾಗಿ ಒಡೆದು ಕಾಣುತ್ತದೆ. ಮದುವೆಯಾಗಿ ಮೂವತ್ತು ವರ್ಷಗಳಾದ ದಂಪತಿ ಮೊದಲ ಸಲ ನಿಜವಾದ ಅರುಂಧತಿಯನ್ನು ನೋಡುವ ಗಳಿಗೆ ನಮ್ಮ ಬಳಗದ ಖಾಯಂ ಕಾರ್ಯಕ್ರಮಗಳಲ್ಲೊಂದು.

ಮಳೆ ನಕ್ಷತ್ರಗಳೂ ಆಕಾಶದ ಈ ನಕ್ಷತ್ರಗಳೂ ಒಂದೇ ಏನು?

ಒಂದೇ. ಆದರೆ ಆರಿದ್ರಾ ಮಳೆ ಸುರಿಯುವಾಗ ಆರಿದ್ರಾ ನಕ್ಷತ್ರ ಕಾಣುವುದಿಲ್ಲ ಎಂಬುದು ಬಹಳ ಮಂದಿಗೆ ಹೊಳೆದಿರುವುದಿಲ್ಲ. ಪಂಚಾಂಗದಲ್ಲಿ ಮಳೆಗೆ ಹೆಸರು ಕೊಡುವುದು ಸೂರ್ಯ ಆಗ ಯಾವ ನಕ್ಷತ್ರದಲ್ಲಿದ್ದಾನೆ ಎಂಬುದನ್ನು ನೋಡಿ. 27 ನಕ್ಷತ್ರಗಳನ್ನು ಸುತ್ತಲು ಸೂರ್ಯನಿಗೆ ಒಂದು ವರ್ಷ ಬೇಕಾಗುವುದರಿಂದ ಒಂದೊಂದು ಮಳೆಗೂ ಹದಿಮೂರು ಹದಿನಾಲ್ಕು ದಿನ ಸಿಗುತ್ತದೆ. ಜೂನ್ 21, 22ರ ಸುಮಾರಿಗೆ ಆರಿದ್ರಾ ಹುಟ್ಟಿತು ಎಂದರೆ ಸೂರ್ಯ ಆ ಭಾಗಕ್ಕೆ ಕಾಲಿಟ್ಟ ಎಂದು ಅರ್ಥ. ನಕ್ಷತ್ರ ಸೂರ್ಯನೊಂದಿಗೇ ಹುಟ್ಟಿ ಸೂರ್ಯನೊಂದಿಗೇ ಮುಳುಗುತ್ತಿರುತ್ತದೆ. ‘ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ’ ಎಂದು ರೈತರು ನೆನೆಯುವ ಆ ಕೆಂಪು ನಕ್ಷತ್ರವನ್ನು ನೋಡಬೇಕಾದರೆ ಡಿಸೆಂಬರ್, ಜನವರಿಯವರೆಗೆ ಕಾಯಬೇಕು.

ಚಾಂದ್ರಮಾಸಗಳ ಲೆಕ್ಕ ಇದಕ್ಕೆ ತಿರುಗುಮುರುಗು. ಕಾರ್ತಿಕದ ಹುಣ್ಣಿಮೆಯ ಚಂದ್ರ ಕೃತ್ತಿಕೆಯ ಬಳಿ, ಮಾರ್ಗಶಿರದ ಹುಣ್ಣಿಮೆಯ ಚಂದ್ರ ಮೃಗಶಿರದ ಬಳಿ, ಚೈತ್ರದ ಹುಣ್ಣಿಮೆಯ ಚಂದ್ರ ಚಿತ್ತಾ ನಕ್ಷತ್ರದ ಬಳಿ ಇರುತ್ತಾನೆ. ಅಧಿಕ ಮಾಸದಿಂದಾಗಿ ಅಲ್ಪಸ್ವಲ್ಪ ಆಚೀಚೆಯಾದರೂ ಹನ್ನೆರಡು ಹುಣ್ಣಿಮೆ ಹೊರಗೆ ನಿಂತು ನೋಡಿದವರಿಗೆ ಪಂಚಾಂಗ ಆಕಾಶವನ್ನು ನೋಡಿಯೇ ಬರೆದದ್ದೆಂದು ಮನದಟ್ಟಾಗುತ್ತದೆ. ಹೊಸ ಬಳಗಕ್ಕೆ ಇದಕ್ಕಿಂತ ಅಗ್ಗದ, ಇದಕ್ಕಿಂತ ಒಳ್ಳೆಯ ಮೊದಲ ವರ್ಷದ ಪಾಠ ಇನ್ನೊಂದಿಲ್ಲವೆಂದು ನಮ್ಮ ಅಭಿಪ್ರಾಯ.

ಹಾಗಾದರೆ ಬಳಗದಲ್ಲಿ ಜಾತಕ, ಭವಿಷ್ಯ ಕೇಳಬಹುದೇ?

ಇಲ್ಲ.

ಯಾವ ದೂರದರ್ಶಕ ಕೊಳ್ಳಬೇಕು?

ಆರು ತಿಂಗಳು ಬರಿಗಣ್ಣಿನಲ್ಲಿ ನೋಡಿದ ಮೇಲೆ ಮೊದಲು ಒಂದು ಬೈನಾಕ್ಯುಲರ್ ಕೊಳ್ಳಿ. 7x50 ಅಥವಾ 10x50 ಎಂದು ಬರೆದಿರುತ್ತದೆ; ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ ಎಂಬುದು, ಎರಡನೆಯದು ಮುಂದಿನ ಮಸೂರದ ವ್ಯಾಸ ಎಷ್ಟು ಮಿಲಿಮೀಟರ್ ಎಂಬುದು. ಗೋಡೆಗೆ ಮೊಣಕೈ ಊರಿ ಹಿಡಿದರೆ ಗುರುಗ್ರಹದ ನಾಲ್ಕು ದೊಡ್ಡ ಉಪಗ್ರಹಗಳು ಇದರಲ್ಲೇ ಕಾಣುತ್ತವೆ. 1610ರ ಜನವರಿಯಲ್ಲಿ ಗೆಲಿಲಿಯೊ ಕಂಡದ್ದೂ ಇವನ್ನೇ. ನಾಲ್ಕು ರಾತ್ರಿ ಬಿಡದೆ ಅವುಗಳ ಜಾಗವನ್ನು ಕಾಗದದ ಮೇಲೆ ಗುರುತು ಹಾಕಿಕೊಂಡರೆ ಅವು ಸುತ್ತುತ್ತಿವೆ ಎಂಬುದು ಪುಸ್ತಕವಿಲ್ಲದೆ ಗೊತ್ತಾಗುತ್ತದೆ.

ದೂರದರ್ಶಕದಲ್ಲಿ ನೋಡಬೇಕಾದದ್ದು ಅದರ ಮುಖ್ಯ ಮಸೂರ ಅಥವಾ ಕನ್ನಡಿಯ ವ್ಯಾಸವನ್ನು. ಪೆಟ್ಟಿಗೆಯ ಮೇಲೆ ಐನೂರು ಪಟ್ಟು, ಆರುನೂರು ಪಟ್ಟು ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿದ್ದರೆ ಅದನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ. ಒಂದು ಮಿಲಿಮೀಟರ್ ವ್ಯಾಸಕ್ಕೆ ಎರಡು ಪಟ್ಟು ವರ್ಧನೆ ಎಂಬುದು ಒಳ್ಳೆಯ ಆಕಾಶದಲ್ಲಿ ಗರಿಷ್ಠ ಮಿತಿ. ಅದನ್ನು ದಾಟಿದರೆ ಚಿತ್ರ ದೊಡ್ಡದಾಗುವುದಿಲ್ಲ, ಮಸುಕಾಗುತ್ತದೆ. ನಮ್ಮ ಬಳಗದ ಮೊದಲ ದೂರದರ್ಶಕ ಅಂಥದೇ ಒಂದು ಪೆಟ್ಟಿಗೆಯಿಂದ ಬಂದದ್ದು. ಅದರ ಕಾಲುಗಳು ಗಾಳಿ ಬೀಸಿದರೆ ಒಂದು ನಿಮಿಷ ನಡುಗುತ್ತಿದ್ದವು. ಈಗ ಅದು ಒಬ್ಬ ಸದಸ್ಯರ ಮನೆಯಲ್ಲಿ ಬಟ್ಟೆ ಒಣಗಿಸುವ ಹಗ್ಗಕ್ಕೆ ಆಸರೆಯಾಗಿದೆ.

ಬಳಗಕ್ಕೆ ನಾವು ಶಿಫಾರಸು ಮಾಡುವುದು 150 ಮಿಲಿಮೀಟರ್, ಅಂದರೆ ಆರು ಇಂಚು ವ್ಯಾಸದ ಕನ್ನಡಿಯಿರುವ, ಸರಳ ಮರದ ಪೀಠದ ಮೇಲೆ ಕೂರುವ ಡಾಬ್ಸೋನಿಯನ್ ಮಾದರಿ. ಸಂಗಮದೂರ (ಕನ್ನಡಿಯಿಂದ ಬಿಂಬ ಮೂಡುವ ಜಾಗಕ್ಕಿರುವ ದೂರ) 1200 ಮಿಲಿಮೀಟರ್ ಇದ್ದರೆ 25 ಮಿಲಿಮೀಟರ್ ಐಪೀಸ್ (ಕಣ್ಣಿಟ್ಟು ನೋಡುವ ಮಸೂರ) ಹಾಕಿದಾಗ 48 ಪಟ್ಟು, 10 ಮಿಲಿಮೀಟರ್ ಐಪೀಸ್ ಹಾಕಿದಾಗ 120 ಪಟ್ಟು ವರ್ಧನೆ ಸಿಗುತ್ತದೆ; ಶನಿಯ ಉಂಗುರಕ್ಕೆ ಇಷ್ಟು ಧಾರಾಳ. ಆದರೆ ಉಂಗುರ ಎಲ್ಲ ವರ್ಷವೂ ಒಂದೇ ರೀತಿ ಕಾಣುವುದಿಲ್ಲ. 2025ರಲ್ಲಿ ಅದು ಭೂಮಿಗೆ ತನ್ನ ಅಂಚನ್ನು ತಿರುಗಿಸಿದ್ದರಿಂದ ಬರೀ ಒಂದು ಗೆರೆಯಂತಾಗಿತ್ತು. ಸುಮಾರು ಹದಿನೈದು ವರ್ಷಗಳಿಗೊಮ್ಮೆ ಹೀಗಾಗುತ್ತದೆ. ಮುಂದಿನ ವರ್ಷಗಳಲ್ಲಿ ಅದು ಮತ್ತೆ ಅಗಲವಾಗುತ್ತ ಹೋಗುತ್ತದೆ.

ದೂರದರ್ಶಕವನ್ನು ನಾವೇ ತಯಾರಿಸಬಹುದೇ?

ಖಂಡಿತ ತಯಾರಿಸಬಹುದು, ಮತ್ತು ಬಳಗವನ್ನು ಗಟ್ಟಿ ಮಾಡುವ ಕೆಲಸ ಇದಕ್ಕಿಂತ ಬೇರೆ ಇಲ್ಲ. ಒಂದೇ ಅಳತೆಯ ಎರಡು ದಪ್ಪ ಗಾಜಿನ ಬಿಲ್ಲೆಗಳನ್ನು ತೆಗೆದುಕೊಂಡು, ಒಂದನ್ನು ಡ್ರಮ್ಮಿನ ಮೇಲೆ ಕೂರಿಸಿ, ನಡುವೆ ನೀರು ಮತ್ತು ಗಾಜನ್ನು ಸವೆಸುವ ಕಾರ್ಬೊರಂಡಮ್ ಪುಡಿ ಹಾಕಿ, ಒಂದರ ಮೇಲೊಂದನ್ನು ಹಿಂದೆ ಮುಂದೆ ತಿಕ್ಕುತ್ತ ಡ್ರಮ್ಮಿನ ಸುತ್ತ ನಡೆಯುತ್ತ ಹೋದರೆ ಮೇಲಿನ ಗಾಜು ತಗ್ಗಾಗುತ್ತದೆ, ಕೆಳಗಿನದು ಉಬ್ಬುತ್ತದೆ. ಇದಕ್ಕೆ ಯಂತ್ರ ಬೇಕಿಲ್ಲ. ಎರಡು ಒರಟು ಮೈಗಳು ಎಲ್ಲ ದಿಕ್ಕಿನಿಂದಲೂ ಸಮನಾಗಿ ಸವೆದಾಗ ಗೋಳದ ಮೈಯೇ ಬರಬೇಕು ಎಂಬ ಸರಳ ರೇಖಾಗಣಿತ ಇಲ್ಲಿ ಕೆಲಸ ಮಾಡುತ್ತದೆ. ಶುರುವಿನಲ್ಲಿ ಕರಕರ ಎನ್ನುವ ಸದ್ದು ಪುಡಿ ನುಣ್ಣಗಾದಂತೆ ಪಿಸುಮಾತಿನಂತಾಗುತ್ತದೆ. ಪುಡಿ ಬದಲಿಸುವ ಹೊತ್ತು ಬಂತೆಂದು ಕಿವಿಯೇ ಹೇಳುತ್ತದೆ. ಒರಟು ಪುಡಿಯ ಒಂದು ಕಣ ನುಣ್ಣನೆಯ ಹಂತದಲ್ಲಿ ಉಳಿದರೆ ಇಡೀ ಗಾಜಿಗೆ ಗೀರು ಬೀಳುವುದರಿಂದ, ಪ್ರತಿ ಹಂತದ ನಡುವೆ ಡ್ರಮ್ಮು, ಬಟ್ಟೆ, ಉಗುರಿನ ಸಂದು ಎಲ್ಲವನ್ನೂ ತೊಳೆದುಕೊಳ್ಳಬೇಕು.

ಮೇಲೆ ಹೇಳಿದ ಆರು ಇಂಚಿನ ಕನ್ನಡಿಯ ನಡುಭಾಗ ಅಂಚಿಗಿಂತ ಎಷ್ಟು ತಗ್ಗಾಗಿರಬೇಕು ಎಂದು ಕೇಳಿದರೆ ಬಹುಪಾಲು ಮಂದಿ ಒಂದು ಇಂಚು ಎನ್ನುತ್ತಾರೆ. ನಿಜಕ್ಕೂ ಅದು 1.2 ಮಿಲಿಮೀಟರಿಗಿಂತ ಕಡಿಮೆ. ಒರಟಾಗಿ ತಗ್ಗು ತೆಗೆಯುವುದು ಕೆಲವು ಗಂಟೆಗಳ ಕೆಲಸ. ಅದರ ಮೇಲೆ ರಾಳದ ಪದರ ಮತ್ತು ಸೀರಿಯಂ ಆಕ್ಸೈಡಿನಿಂದ ಹೊಳಪು ಕೊಟ್ಟು, ಗೋಳದ ಮೈಯನ್ನು ಬೆಳಕನ್ನೆಲ್ಲ ಒಂದೇ ಬಿಂದುವಿಗೆ ಕೂಡಿಸುವ ಪರವಲಯದ ಆಕಾರಕ್ಕೆ ತರುವುದು ವಾರಗಟ್ಟಲೆಯ ಕೆಲಸ. ಕೊನೆಯ ಹಂತದಲ್ಲಿ ತಪ್ಪು ಇರಬಹುದಾದದ್ದು ತಲೆಗೂದಲಿನ ದಪ್ಪದ ಸಾವಿರದ ಒಂದು ಪಾಲಿನಷ್ಟು ಮಾತ್ರ. ಅಷ್ಟು ಸಣ್ಣ ತಪ್ಪನ್ನು ಒಂದು ಬ್ಲೇಡು ಮತ್ತು ಒಂದು ಚಿಕ್ಕ ದೀಪದಿಂದ ಪತ್ತೆಹಚ್ಚುವ ವಿಧಾನವನ್ನು ಫ್ರಾನ್ಸಿನ ಭೌತವಿಜ್ಞಾನಿ ಫೂಕೊ 1858ರಲ್ಲಿ ತೋರಿಸಿಕೊಟ್ಟ. ಇಂದಿಗೂ ಹವ್ಯಾಸಿಗಳು ಅದನ್ನೇ ಬಳಸುತ್ತಾರೆ. ಕನ್ನಡಿಯ ಮೇಲೆ ಬೆರಳನ್ನು ಅರ್ಧ ನಿಮಿಷ ಊರಿ ತೆಗೆದು ಆ ಪರೀಕ್ಷೆ ಮಾಡಿ ನೋಡಿದರೆ, ಬೆರಳಿನ ಬಿಸಿಗೆ ಗಾಜು ಉಬ್ಬಿದ ಜಾಗ ಒಂದು ಸಣ್ಣ ಗುಡ್ಡದಂತೆ ಕಾಣಿಸಿ ನಿಧಾನವಾಗಿ ಕರಗುತ್ತದೆ. ಗಾಜನ್ನು ಕನ್ನಡಿಯಾಗಿಸುವ ಅಲ್ಯೂಮಿನಿಯಂ ಲೇಪನವನ್ನು ಮಾತ್ರ ನಿರ್ವಾತ ಕೋಠಿಯಿರುವಲ್ಲಿ ಮಾಡಿಸಬೇಕು.

ಪೀಠಕ್ಕೆ ಪ್ಲೈವುಡ್, ಜಾರಲು ಸನ್‌ಮೈಕಾದ ತುಂಡು ಮತ್ತು ಟೆಫ್ಲಾನ್ ಬಿಲ್ಲೆಗಳು ಸಾಕು. ಊರಿನ ಬಡಗಿ ಒಂದೇ ದಿನದಲ್ಲಿ ಮಾಡಿಕೊಡುತ್ತಾರೆ. ಈ ಸರಳ ಪೀಠವನ್ನು ಜನಪ್ರಿಯಗೊಳಿಸಿದ ಜಾನ್ ಡಾಬ್ಸನ್ 1944ರಿಂದ 1967ರವರೆಗೆ ಸ್ಯಾನ್ ಫ್ರಾನ್ಸಿಸ್ಕೊದ ವೇದಾಂತ ಸೊಸೈಟಿಯ ಆಶ್ರಮದಲ್ಲಿ ಸನ್ಯಾಸಿಯಾಗಿದ್ದವರು. ಅಲ್ಲಿರುವಾಗಲೇ ಸಿಕ್ಕ ಸಾಮಾನುಗಳಿಂದ ದೂರದರ್ಶಕ ಮಾಡಲು ಕಲಿತರು. ಆಶ್ರಮ ಬಿಟ್ಟ ಮೇಲೆ ಬೀದಿಬದಿಯಲ್ಲಿ ದೂರದರ್ಶಕ ನಿಲ್ಲಿಸಿ ಹೋಗಿಬರುವವರನ್ನೆಲ್ಲ ಕರೆದು ತೋರಿಸಿದರು. ಸಂತೆಯ ದಿನ ನಾವೂ ಹಾಗೆ ಕರೆದು ತೋರಿಸುವುದಕ್ಕೆ ಅದೇ ಪ್ರೇರಣೆ.

ಚಿತ್ರಗಳಲ್ಲಿ ಕಾಣುವ ಬಣ್ಣ ದೂರದರ್ಶಕದಲ್ಲಿ ಏಕೆ ಕಾಣುವುದಿಲ್ಲ?

ಮಂದ ಬೆಳಕಿನಲ್ಲಿ ನಮ್ಮ ಕಣ್ಣು ಬಣ್ಣ ಗುರುತಿಸಲಾರದು. ಕ್ಯಾಮೆರಾ ನಿಮಿಷಗಟ್ಟಲೆ ಬೆಳಕು ಕೂಡಿಹಾಕಬಲ್ಲದು, ಕಣ್ಣು ಹಾಗೆ ಮಾಡಲಾರದು. ಮಹಾವ್ಯಾಧ (ಒರಾಯನ್) ನಕ್ಷತ್ರಪುಂಜದ ಖಡ್ಗದಲ್ಲಿರುವ ನೀಹಾರಿಕೆ, ಅಂದರೆ ಅನಿಲ ಮತ್ತು ಧೂಳಿನ ಮೋಡ, ಹೊಸಬರಿಗೆ ಗಾಜಿನ ಮೇಲೆ ಉಸಿರು ಬಿಟ್ಟಂತೆ ಬೂದಿ ಬಣ್ಣದ ಮಬ್ಬಾಗಿ ಮಾತ್ರ ಕಾಣುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ಸರದಿಯಲ್ಲಿ ನಿಂತವರು ಬೇಸರಪಡುತ್ತಾರೆ. ನೇರವಾಗಿ ನೋಡದೆ ಸ್ವಲ್ಪ ಪಕ್ಕಕ್ಕೆ ದೃಷ್ಟಿ ಇಟ್ಟರೆ ಮಬ್ಬು ಹಿಗ್ಗುತ್ತದೆ, ಏಕೆಂದರೆ ಮಂದ ಬೆಳಕನ್ನು ಹಿಡಿಯುವ ಕೋಶಗಳು ಕಣ್ಣಿನ ನಟ್ಟನಡುವೆ ಇಲ್ಲ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಒಬ್ಬರು ಮೊಬೈಲ್ ತೆರೆದರೆ ಎಲ್ಲರ ಅರ್ಧ ಗಂಟೆ ಹಾಳು. ಈ ಒಂದು ವಿಷಯದಲ್ಲಿ ನಾವು ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ಸೂರ್ಯನನ್ನೂ ಗ್ರಹಣವನ್ನೂ ನೋಡಬಹುದೇ?

ಸರಿಯಾದ ಫಿಲ್ಟರ್ ಇದ್ದರೆ ಮಾತ್ರ, ಮತ್ತು ಆ ಫಿಲ್ಟರ್ ದೂರದರ್ಶಕದ ಮುಂಭಾಗದಲ್ಲಿರಬೇಕು. ಐಪೀಸಿಗೆ ತಿರುಗಿಸುವ ಸಣ್ಣ ಕಪ್ಪು ಗಾಜು ಬಿಸಿಗೆ ಒಡೆಯಬಹುದು, ಒಡೆದ ಕ್ಷಣದಲ್ಲಿ ಕಣ್ಣು ಹೋಗುತ್ತದೆ. ಎಕ್ಸ್‌ರೇ ಫಿಲಂ, ಮಸಿ ಹಿಡಿಸಿದ ಗಾಜು, ಎರಡು ತಂಪು ಕನ್ನಡಕ ಇವು ಯಾವುವೂ ಸುರಕ್ಷಿತವಲ್ಲ. ಬರಿಗಣ್ಣಿಗೆ 14ನೇ ನಂಬರಿನ ವೆಲ್ಡಿಂಗ್ ಗಾಜು ಆಗುತ್ತದೆ. ಎಲ್ಲಕ್ಕಿಂತ ಸುಲಭವಾದದ್ದು ರಟ್ಟಿನಲ್ಲಿ ಸೂಜಿಯಿಂದ ತೂತು ಮಾಡಿ ಗೋಡೆಯ ಮೇಲೆ ಬಿಂಬ ಬೀಳಿಸುವುದು. ಹೊಂಗೆಮರದ ಕೆಳಗೆ ನಿಂತರೆ ಅದೂ ಬೇಡ. ಎಲೆಗಳ ಸಂದಿನಿಂದ ನೂರಾರು ಪುಟ್ಟ ಗ್ರಹಣಗಳು ನೆಲದ ಮೇಲೆ ಬಿದ್ದಿರುತ್ತವೆ.

1980ರ ಫೆಬ್ರವರಿ 16ರಂದು ಖಗ್ರಾಸ ಗ್ರಹಣ ಅಂಕೋಲಾ, ಹುಬ್ಬಳ್ಳಿ, ರಾಯಚೂರು ಭಾಗದ ಮೇಲೆ ಹಾದುಹೋದಾಗ ಬಾಗಿಲು ಹಾಕಿಕೊಂಡು ಒಳಗೆ ಕುಳಿತವರು, ಬದುಕಿನಲ್ಲಿ ಒಮ್ಮೆ ಮನೆಬಾಗಿಲಿಗೆ ಬಂದದ್ದನ್ನು ಕಳೆದುಕೊಂಡೆವೆಂದು ಈಗ ಹೇಳಿಕೊಳ್ಳುತ್ತಾರೆ. 2019ರ ಡಿಸೆಂಬರ್ 26ರ ಬೆಳಿಗ್ಗೆ ಮಂಗಳೂರಿನಲ್ಲಿ ಕಂಕಣ ಗ್ರಹಣ ಕಂಡಿತು. 2027ರ ಆಗಸ್ಟ್ 2ರ ಗ್ರಹಣ ನಮಗೆ ಪಾರ್ಶ್ವ ಮಾತ್ರ, ಅದೂ ಮಳೆಗಾಲದಲ್ಲಿ. 2031ರ ಮೇ 21ರ ಕಂಕಣ ಗ್ರಹಣದ ಪಥ ಕೇರಳ, ತಮಿಳುನಾಡುಗಳ ಮೇಲಿರುವುದರಿಂದ ಒಂದು ರಾತ್ರಿಯ ಬಸ್ ಪ್ರಯಾಣಕ್ಕೆ ಈಗಿನಿಂದಲೇ ಹಣ ಕೂಡಿಡಬಹುದು.

ಶಾಲೆಗಳನ್ನು ಹೇಗೆ ಸೇರಿಸಿಕೊಳ್ಳುವುದು?

ಹಗಲಿನ ಕಾರ್ಯಕ್ರಮದಿಂದ. ಕರ್ನಾಟಕದ ಪ್ರತಿ ಊರಿನಲ್ಲೂ ವರ್ಷಕ್ಕೆ ಎರಡು ದಿನ ನಡುಹಗಲಲ್ಲಿ ಸೂರ್ಯ ನೇರ ನೆತ್ತಿಯ ಮೇಲೆ ಬಂದು ನೆಟ್ಟಗೆ ನಿಂತ ವಸ್ತುವಿನ ನೆರಳು ಅದರ ಬುಡದಲ್ಲೇ ಮಾಯವಾಗುತ್ತದೆ. ಬೆಂಗಳೂರು, ಮಂಗಳೂರುಗಳಲ್ಲಿ ಇದು ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ. ಹುಬ್ಬಳ್ಳಿಯಲ್ಲಿ ಮೇ ಮೊದಲ ವಾರ, ಬೀದರಿನಲ್ಲಿ ಮೇ ಎರಡನೇ ವಾರ. ಗಡಿಯಾರದ ಹನ್ನೆರಡು ಗಂಟೆಗೆ ಅದು ಆಗುವುದಿಲ್ಲ. ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ 12 ಗಂಟೆ 17 ನಿಮಿಷದ ಹೊತ್ತಿಗೆ, ಇನ್ನೂ ಪಶ್ಚಿಮದಲ್ಲಿರುವ ಮಂಗಳೂರಿನಲ್ಲಿ ಹತ್ತು ಹನ್ನೊಂದು ನಿಮಿಷ ತಡವಾಗಿ ಆಗುತ್ತದೆ. ಏಪ್ರಿಲ್‌, ಮೇ ತಿಂಗಳು ರಜೆಯಾದ್ದರಿಂದ ಮಕ್ಕಳು ಸಿಗುವುದಿಲ್ಲ, ಆಗಸ್ಟಿನಲ್ಲಿ ಮಕ್ಕಳು ಸಿಕ್ಕರೂ ಮೋಡ ಬಿಡುವುದಿಲ್ಲ. ಆದರೂ ಸ್ಟೀಲ್ ಲೋಟವನ್ನು ಬಿಸಿಲಿಗಿಟ್ಟು ಕಾಯುತ್ತ ಕುಳಿತ ಮಕ್ಕಳ ಗದ್ದಲ ಒಮ್ಮೆ ಕೇಳಿದವರು ಮುಂದಿನ ವರ್ಷವೂ ಹೋಗುತ್ತಾರೆ. ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯ, ಮಂಗಳೂರಿನ ಪಿಲಿಕುಳದ ತಾರಾಲಯಗಳಿಗೆ ಪ್ರವಾಸ ಏರ್ಪಡಿಸುವುದೂ ಒಳ್ಳೆಯದೇ, ಆದರೆ ಅದು ನಿಜ ಆಕಾಶಕ್ಕೆ ಬದಲಿಯಾಗಬಾರದು.

ಮಳೆಗಾಲದಲ್ಲಿ ಬಳಗ ಏನು ಮಾಡಬೇಕು?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಕಾಶ ಕೈಕೊಡುತ್ತದೆ. ಬಳಗಗಳು ಸಾಯುವುದೂ ಆ ನಾಲ್ಕು ತಿಂಗಳಲ್ಲೇ. ಕನ್ನಡಿ ತಿಕ್ಕುವುದನ್ನು ಆಗ ಇಟ್ಟುಕೊಳ್ಳಿ. ಉಪಕರಣಗಳನ್ನು ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಗಾಳಿಯಾಡದ ಡಬ್ಬದಲ್ಲಿಡಿ. ಮಲೆನಾಡಿನ ಗೆಳೆಯರಿಗೆ ಒಂದು ಮಳೆಗಾಲಕ್ಕೆಂದು ನಾವು ಎರವಲು ಕೊಟ್ಟ ಐಪೀಸ್ ಜೇಡರಬಲೆಯಂಥ ಬೂಷ್ಟು ಹಿಡಿದು ಮರಳಿತು, ಮತ್ತೆ ಸರಿಹೋಗಲಿಲ್ಲ.

ನಮ್ಮ ವೀಕ್ಷಣೆಯಿಂದ ವಿಜ್ಞಾನಕ್ಕೆ ಪ್ರಯೋಜನವಿದೆಯೇ?

ಇದೆ, ಬರೆದಿಟ್ಟರೆ. ಹೊಳಪು ಬದಲಾಗುವ ನಕ್ಷತ್ರಗಳನ್ನು ಅಕ್ಕಪಕ್ಕದ ಸ್ಥಿರ ನಕ್ಷತ್ರಗಳೊಂದಿಗೆ ಹೋಲಿಸಿ ದಿನಾಂಕ, ಸಮಯದೊಂದಿಗೆ ದಾಖಲಿಸುವ ಕೆಲಸಕ್ಕೆ ಇಂದಿಗೂ ಬರಿಗಣ್ಣು ಉಪಯೋಗಕ್ಕೆ ಬರುತ್ತದೆ. ಅಮೆರಿಕದಲ್ಲಿ 1911ರಲ್ಲಿ ಆರಂಭವಾದ ಚರನಕ್ಷತ್ರ ವೀಕ್ಷಕರ ಸಂಘ ಇಂಥ ದಾಖಲೆಗಳನ್ನು ಜಗತ್ತಿನ ಎಲ್ಲೆಡೆಯಿಂದ ಸ್ವೀಕರಿಸುತ್ತದೆ. 2019ರ ಕೊನೆಯಿಂದ 2020ರ ಫೆಬ್ರವರಿಯವರೆಗೆ ಆರಿದ್ರಾ ತನ್ನ ಎಂದಿನ ಹೊಳಪಿನ ಅರ್ಧಕ್ಕಿಂತ ಕೆಳಗಿಳಿದಾಗ, ಪಕ್ಕದ ರೋಹಿಣಿಗಿಂತ ಅದು ಮಂಕಾಗಿದೆಯೆಂದು ಚಾಪೆಯ ಮೇಲೆ ಮಲಗಿದ್ದ ಯಾರು ಬೇಕಾದರೂ ಹೇಳಬಹುದಿತ್ತು.

ಬಳಗವನ್ನು ನೋಂದಾಯಿಸಬೇಕೇ?

ಆರಂಭದಲ್ಲಿ ಬೇಡ. ದೇಣಿಗೆ ಪಡೆದು ಬ್ಯಾಂಕ್ ಖಾತೆ ತೆರೆಯುವ ಹಂತ ಬಂದಾಗ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಕನಿಷ್ಠ ಏಳು ಮಂದಿ ಸೇರಿ ನೋಂದಾಯಿಸಬಹುದು. ನೋಂದಣಿಯಾದ ಮೇಲೆ ಪ್ರತಿ ವರ್ಷ ಲೆಕ್ಕಪತ್ರ ಸಲ್ಲಿಸಬೇಕು. ಅಧ್ಯಕ್ಷ, ಉಪಾಧ್ಯಕ್ಷರ ಆಯ್ಕೆಯಲ್ಲಿ ಮುನಿಸು ಹುಟ್ಟಿ ನಕ್ಷತ್ರ ನೋಡುವುದನ್ನೇ ಬಿಟ್ಟ ಬಳಗಗಳೂ ಇರುವುದರಿಂದ ಅವಸರ ಮಾಡಬೇಡಿ.

ಮೊದಲ ಭೇಟಿಗೆ ಏನೇನು ತರಬೇಕು?

ಡಿಸೆಂಬರ್ 13, 14ರ ಜೆಮಿನಿಡ್ ಉಲ್ಕೆಗಳ ರಾತ್ರಿಯಾದರೆ ಚಾಪೆ, ಕಂಬಳಿ, ಕಿವಿ ಮುಚ್ಚುವ ಟೋಪಿ. ಎರಡು ಗಂಟೆಯ ಜಾವಕ್ಕೆ ಉಲ್ಕೆಗಳು ಹೊರಟು ಬರುವಂತೆ ಕಾಣುವ ಬಿಂದು ನೆತ್ತಿಯ ಸಮೀಪ ಬರುವುದರಿಂದ ನಿದ್ದೆ ಬಿಡಲು ತಯಾರಾಗಿ ಬನ್ನಿ. ಟಾರ್ಚಿನ ಗಾಜಿಗೆ ಕೆಂಪು ಜಿಲೇಟಿನ್ ಕಾಗದ ಎರಡು ಪದರ ಸುತ್ತಿರಬೇಕು. ಹೊಲದ ಬದುವಿನಲ್ಲಿ ಕೂರುವುದಾದರೆ ಹಗಲಲ್ಲೇ ಹೋಗಿ ಹಾವು, ಬಾವಿ, ತಂತಿಬೇಲಿ ನೋಡಿ, ಜಮೀನಿನವರ ಒಪ್ಪಿಗೆ ಪಡೆದು, ಪೊಲೀಸ್ ಠಾಣೆಗೂ ಒಂದು ಮಾತು ತಿಳಿಸಿರಬೇಕು. ಮಕ್ಕಳೊಂದಿಗೆ ಮನೆಯವರೊಬ್ಬರು ಇರಲೇಬೇಕು. ಚಹಾ ಫ್ಲಾಸ್ಕಿನಲ್ಲಿ ತನ್ನಿ. ಅಲ್ಲೇ ಒಲೆ ಹೊತ್ತಿಸಿದರೆ ಎಲ್ಲರ ಕಣ್ಣೂ ಮತ್ತೆ ಅರ್ಧ ಗಂಟೆ ಹಿಂದಕ್ಕೆ ಹೋಗುತ್ತದೆ.